ಬ್ಯಾನರಿನವಳು

“ಇದ್ಯಾರೋ ಮಾರಾಯ?” ಎಂದಳು ಕುಸುಮಾ.

“ನೀವೇ ಅಕ್ಕಾ,” ಎಂದ ರಾಕೇಶ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಕೊಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಸ್ಟುಡಿಯೋ ಅವನದು. ಕುಸುಮಾಳ ಲೈವ್ ಚಾನೆಲ್ ಶುರುಮಾಡಿಕೊಟ್ಟವನೂ ಅವನೇ, ಅದಕ್ಕೆ ಬ್ಯಾನರ್ ಮಾಡುತ್ತಿದ್ದವನೂ ಅವನೇ. ಪರದೆಯ ಮೇಲೆ ಉಪ್ಪಿನಕಾಯಿ ಜಾಡಿ ಹಿಡಿದು ನಗುತ್ತಿದ್ದವಳು ಹಾಲಿನಲ್ಲಿ ಅದ್ದಿ ತೆಗೆದಷ್ಟು ಬೆಳ್ಳಗಿದ್ದಳು. ಕೆನ್ನೆಯ ಮಚ್ಚೆ ಮಾಯ. ಮೂಗು ಚೂಪು. ಉಟ್ಟಿದ್ದ ಹಸಿರು ಸೀರೆಯೊಂದು ಮಾತ್ರ ಕುಸುಮಾಳದ್ದು, ಹೋದ ದೀಪಾವಳಿಗೆ ಅವ್ವ ಕೊಡಿಸಿದ್ದು. ಸಾಲದ್ದಕ್ಕೆ ಜಾಡಿಯೊಳಗಿನ ಮಿಡಿ ಉಪ್ಪಿನಕಾಯಿಯೂ ಬಿಳುಚಿಕೊಂಡು, ಖಾರ ಹಾಕುವುದನ್ನೇ ಮರೆತಂತೆ ಕಾಣುತ್ತಿತ್ತು.

“ಎಸ್ಟೇಟಲ್ಲಿ ಬಿಸಿಲಿಗೆ ಕೆಲ್ಸ ಮಾಡೋಳು ನಾನು. ಹಿಂಗಿದೀನಾ?”

“ಬ್ಯಾನರ್ ಅಂದ್ಮೇಲೆ ಸ್ವಲ್ಪ ಕಳೆ ಬೇಡ್ವಾ ಅಕ್ಕಾ? ಮದುವೆ ಆಲ್ಬಮ್‌ಗೆ ಎಲ್ರೂ ಮೊದ್ಲು ಕೇಳೋದೇ ಇದನ್ನ. ಮೊನ್ನೆ ತೀರ್ಕೊಂಡೋರದ್ದೊಂದು ಫ್ಲೆಕ್ಸ್ ಮಾಡ್ದೆ, ಅವರನ್ನೂ ಬೆಳ್ಳಗೆ ಮಾಡು ಅಂದ್ರು.”

“ನಾನಿನ್ನೂ ಬದುಕಿದೀನಲ್ಲ ಮಾರಾಯ! ತೆಗಿ ಅದನ್ನ.”

ಚೆಂದ ಕಾಣುವುದು ಯಾರಿಗೆ ಬೇಡ? ಆದರೆ ಅವಳ ಚಿಂತೆ ಬೇರೆಯೇ ಇತ್ತು. ಭಾನುವಾರ ನಾಲ್ಕು ಗಂಟೆಗೆ ಹಿರೇಕೊಡಿಗೆಯ ತನ್ನ ಅಡುಗೆಮನೆಯಿಂದಲೇ ಮೊದಲ ಲೈವ್. ನಾಲ್ಕು ಜನ ನೋಡಿ ಆರ್ಡರ್ ಕೊಟ್ಟರೆ ಸಂತೋಷವೇ. ಅದಕ್ಕಿಂತ ಹೆಚ್ಚಾಗಿ ಸೀತೂರಿನಲ್ಲಿರುವ ಅವ್ವ ಭೈರಮ್ಮ ನೋಡಬೇಕಿತ್ತು. ಮಿಡಿ ಆರಿಸುವುದರಿಂದ ಹಿಡಿದು ಉಪ್ಪು ಕೂಡಿಸುವವರೆಗೆ ಎಲ್ಲವನ್ನೂ ಕೈಹಿಡಿದು ಕಲಿಸಿದವಳು ಅವಳು. ಮಂಡಿನೋವಿನ ದೆಸೆಯಿಂದ ಭೈರಮ್ಮ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಳು. ಅಕ್ಷರ ಬಾರದು. ಕುಸುಮಾ ತನ್ನ ಹಳೇ ಫೋನು ಕೊಟ್ಟು, “ಈ ಕೆಂಪು ಗುರುತು ಒತ್ತು ಅವ್ವಾ. ಸಾಲಾಗಿ ಚಿತ್ರ ಬತ್ತವೆ. ನನ್ನ ಮುಖ ಇರೋದನ್ನ ಒತ್ತು. ಬೇರೆ ಎಂತದನ್ನೂ ಒತ್ಬೇಡ, ಎಲ್ಲೆಲ್ಲಿಗೋ ಹೋಗ್ತದೆ,” ಎಂದು ಹತ್ತಾರು ಸಲ ಹೇಳಿಕೊಟ್ಟಿದ್ದಳು. “ನಿನ್ನ ಮುಖ ನಂಗೊತ್ತಿಲ್ವೇನೆ?” ಎಂದು ಅವ್ವ ಗದರಿದ್ದಳು. ಅವ್ವ ಒತ್ತಬೇಕಾದ ಆ ಚಿತ್ರವೇ ಈ ಬ್ಯಾನರು.

ರಾಕೇಶ ಮತ್ತೆ ಮೌಸು ಹಿಡಿದ. ಈ ಸಲ ಮುಖದ ಜೊತೆಗೆ ಗೋಡೆ, ಸೀರೆ, ಜಾಡಿ ಎಲ್ಲವೂ ಕಪ್ಪಾಗಿ, ಕರೆಂಟು ಹೋದ ಮನೆಯಲ್ಲಿ ಫೋಟೋ ತೆಗೆಸಿಕೊಂಡಂತಾಯಿತು. ಅದನ್ನು ಸರಿಮಾಡುವಷ್ಟರಲ್ಲಿ ಮಚ್ಚೆ ಬಂತು, ಬಂದದ್ದು ಇನ್ನೊಂದು ಕೆನ್ನೆಗೆ. ಕುಸುಮಾಳಿಗೆ ತಲೆ ಚಿಟ್ಟುಹಿಡಿಯಿತು. “ಅಲ್ಲ ಮಾರಾಯ, ಮಚ್ಚೆ ತೆಗ್ದೋನಿಗೆ ಎಲ್ಲಿಂದ ತೆಗ್ದೆ ಅಂತ ನೆನಪಿರಬಾರ್ದಾ?” ಎಂದು ರೇಗಿದಳು. ಹಿರೇಕೊಡಿಗೆ ಬಸ್ಸು ಹೊರಡುವ ಹೊತ್ತಿಗೆ ಅಂತೂ ಇಂತೂ ಪರದೆಯ ಮೇಲೆ ಕುಸುಮಾಳೇ ಬಂದು ಕೂತಳು. “ಇದೇ ಇರ್ಲಿ. ಇನ್ನು ಇದಕ್ಕೆ ಕೈ ಹಚ್ಚಬೇಡ, ಕೈ ಮುಗಿತೀನಿ,” ಎಂದಳು. “ಇಲ್ಲ ಅಕ್ಕಾ, ಇದನ್ನೇ ಹಾಕ್ತೀನಿ,” ಎಂದ ರಾಕೇಶ.

ಭಾನುವಾರ ಅದೇ ಹಸಿರು ಸೀರೆ ಉಟ್ಟು, ಜಾಡಿಗಳನ್ನು ಸಾಲಾಗಿ ಇಟ್ಟು, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಚಾನೆಲ್ ತೆರೆದರೆ, ಆ ಹಾಲಿನಂಥವಳು ಮತ್ತೆ ನಗುತ್ತಿದ್ದಳು! ಜೊತೆಗೆ ರಾಕೇಶನ ಮೆಸೇಜು: ‘ಅಕ್ಕಾ, ಹಾಕೋ ಮೊದ್ಲು ಸಣ್ಣದೊಂದು ಫೈನಲ್ ಟಚ್ ಕೊಟ್ಟೆ. ಮನಸ್ಸು ತಡೀಲಿಲ್ಲ. ಸೂಪರ್ ಬಂದಿದೆ.’ ಫೋನ್ ಹಚ್ಚಿದರೆ ಸ್ವಿಚ್ ಆಫ್. ನಿಶ್ಚಿತಾರ್ಥದ ಫೋಟೋ ತೆಗೆಯಲು ಶೃಂಗೇರಿಗೆ ಹೋಗಿದ್ದ. ಬ್ಯಾನರ್ ಬದಲಿಸುವ ವಿದ್ಯೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗಂಡ ಜಯಪ್ರಕಾಶ್ ಬಗ್ಗಿ ನೋಡಿ, “ಚೆನ್ನಾಗೇ ಕಾಣ್ತೀಯಲ್ಲೇ,” ಎಂದ. “ನೀವೊಬ್ರು, ಸುಮ್ನಿರಿ!” ಎಂದು ಅವನ ಮೇಲೆ ಹರಿಹಾಯ್ದು ಅವ್ವನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಮತ್ತೆ ರಿಂಗಾಯಿತು, ಅವ್ವ ಎತ್ತಲಿಲ್ಲ.

ನಾಲ್ಕು ಹೊಡೆಯಿತು. ಕುಸುಮಾ ಲೈವ್ ಶುರುಮಾಡಿದಳು. ಜನವೇನೋ ಬಂದರು. ‘ಬ್ಯಾನರಲ್ಲಿರೋ ಮೇಡಂ ಯಾವಾಗ ಬರ್ತಾರೆ?’ ಎಂದು ಯಾರೋ ಕೇಳಿದರು. “ಅವ್ರು ಬರಲ್ಲ. ಅವ್ರಿಗೆ ಉಪ್ಪಿನಕಾಯಿ ಹಾಕೋಕೆ ಬರಲ್ಲ,” ಎಂದು ಪಟ್ಟನೆ ಹೇಳಿದಾಗ ನಗುವ ಗೊಂಬೆಗಳು ಸಾಲುಸಾಲಾಗಿ ಬಿದ್ದವು. ಆರ್ಡರುಗಳೂ ಬಂದವು. ನಡುನಡುವೆ ಅವಳು ಜಾಡಿಯನ್ನು ಕ್ಯಾಮೆರಾದ ಹತ್ತಿರ ಹಿಡಿದು, “ಅವ್ವಾ, ಕಂಡ್ತಾ? ಉಪ್ಪು ಇಷ್ಟು ಸಾಕಲ್ವಾ?” ಎಂದು ಕೇಳುತ್ತಲೇ ಇದ್ದಳು.

ಲೈವ್ ಮುಗಿದ ಸ್ವಲ್ಪ ಹೊತ್ತಿಗೆ ಅವ್ವನದೇ ಫೋನು ಬಂತು.

“ಎಂತ ಮಾರಾಯ್ತಿ, ನೀನು ಬರಲೇ ಇಲ್ಲ! ಊಟ ಆದಾಗಿಂದ ಫೋನ್ ಹಿಡ್ಕಂಡು ಕೂತಿದೀನಿ. ಮಧ್ಯ ಯಾರೋ ಫೋನ್ ಮಾಡ್ತಿದ್ರು, ಎತ್ತಿದ್ರೆ ಎಲ್ಲಿ ನೀನು ಹೋಗಿಬಿಡ್ತೀಯೋ ಅಂತ ಎತ್ತಲಿಲ್ಲ. ಯಾವಳೋ ಬೆಳ್ಳಗಿನೋಳು ಒಬ್ಳು ಬತ್ತಾನೇ ಇದ್ಲು. ನೀನು ಹೇಳಿದ್ಯಲ್ಲ, ಅವಳನ್ನ ಒತ್ತಲಿಲ್ಲ ನಾನು.”

“ಅವ್ವಾ, ಅದು…”

“ಅದಿರ್ಲಿ,” ಎಂದಳು ಅವ್ವ. ದನಿ ಸಣ್ಣಗಾಗಿತ್ತು. “ನಾನು ಕೊಡ್ಸಿದ ಸೀರೆನ ಅವಳಿಗ್ಯಾಕೆ ಕೊಟ್ಟೆ?”