ಕೊನೆಯ ದೃಶ್ಯದ ಓಟ

‘ಮಂಡಿಯೂರಬೇಡ ಪುಣ್ಯಾತ್ಮ, ಮಂಡಿಯೂರಬೇಡ’ ಎಂದು, ಸಿನಿಮಾಕ್ಕೆ ನಾಯಿಗಳನ್ನು ಪಳಗಿಸುವ ನಾಯಿಮೇಷ್ಟ್ರು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು. ಪೊಲೀಸ್ ಠಾಣೆಯ ಅಂಗಳದ ಆ ತುದಿಯಲ್ಲಿ ನಿಂತಿದ್ದ ದರ್ಜಿ, ಗಿರಾಕಿಯ ಪ್ಯಾಂಟಿನ ಉದ್ದ ಅಳೆಯುವವನ ಹಾಗೆ ಒಂದು ಮಂಡಿಯೂರಿ, ಎರಡೂ ಕೈ ಚಾಚಿಯೇಬಿಟ್ಟ.

ಮೇಷ್ಟ್ರ ನಾಯಿ ಹೀರೋ ಓಡಿತು. ಕಾನ್‌ಸ್ಟೇಬಲ್ ಕೈಯಿಂದ ಹಗ್ಗ ಕಿತ್ತುಕೊಂಡು, ಕಿವಿ ಹಿಂದಕ್ಕೆ ಒತ್ತಿಕೊಂಡು, ಅಡ್ಡ ನಿಂತಿದ್ದ ಬೈಕಿಗೂ ಡಿಕ್ಕಿ ಹೊಡೆದು ಓಡಿತು. ದರ್ಜಿಯ ಮೈಮೇಲೆ ಬಿದ್ದು ಮುಖವೆಲ್ಲ ನೆಕ್ಕಿತು. ಕುಂಯ್‌ಗುಟ್ಟಿತು. ಸಂತೋಷ ತಡೆಯಲಾಗದೆ ಅವನ ಚಪ್ಪಲಿಯ ಮೇಲೇ ಉಚ್ಚೆ ಹೊಯ್ದುಕೊಂಡಿತು.

“ಥೇಟ್ ಸಿನಿಮಾದಲ್ಲಿ ಇದ್ದಂಗೇ ಇದೆಯಲ್ಲಾ ಸಾರ್!” ಎಂದು ಕಾನ್‌ಸ್ಟೇಬಲ್ ಕಣ್ಣೊರೆಸಿಕೊಂಡ.

ಹೀರೋ ನಟಿಸಿದ್ದ ಆ ಸಿನಿಮಾ ನೋಡದವರು ಊರಲ್ಲಿ ಯಾರಿದ್ದರು? ಆಂಬುಲೆನ್ಸಿನಲ್ಲಿ ಹೋದ ಯಜಮಾನ ತಿರುಗಿ ಬರಲೇ ಇಲ್ಲ. ಅವನ ನಾಯಿ ಆಸ್ಪತ್ರೆಯ ಗೇಟಿನ ಮುಂದೆ ಬಿಸಿಲೆನ್ನದೆ ಮಳೆಯೆನ್ನದೆ ಕೂತು ಕಾಯುತ್ತದೆ. ಕೊನೆಯ ದೃಶ್ಯದಲ್ಲಿ, ಅದರ ಕನಸಿನಲ್ಲೋ ಏನೋ, ಯಜಮಾನ ಗೇಟು ತೆರೆದು ಬಂದು ಮಂಡಿಯೂರಿ ಕೈ ಚಾಚುತ್ತಾನೆ. ನಾಯಿ ಓಡುತ್ತದೆ. ಅಲ್ಲಿಗೆ ಗಂಡಸರೂ ಮೂಗು ಸೀಟಿಕೊಂಡು, ಕಣ್ಣಿಗೆ ಧೂಳು ಬಿತ್ತು ಅಂತ ಸುಳ್ಳು ಹೇಳುತ್ತಿದ್ದರು.

ಈಗ ಆ ಸಿನಿಮಾವೇ ಮೇಷ್ಟ್ರ ಕೊರಳಿಗೆ ಉರುಳಾಗಿತ್ತು. ಸಿನಿಮಾ ನೋಡಿದ ದರ್ಜಿ, ಅಂಗಡಿ ಸಾಗಿಸುವ ದಿನ ಟೆಂಪೋದಿಂದ ಜಿಗಿದು ಕಳೆದುಹೋದ ತನ್ನ ನಾಯಿ ಇದೇ ಎಂದು ದೂರು ಕೊಟ್ಟಿದ್ದ. ಇನ್ಸ್‌ಪೆಕ್ಟರ್ ಪಂಚಾಯ್ತಿಗೆ ಕೂತಿದ್ದರು. “ಹೆಸರು ಹಿಡಿದು ಕರೆಯೋ ಹಾಗಿಲ್ಲ, ತಿನ್ನೋಕೆ ತೋರಿಸೋ ಹಾಗಿಲ್ಲ. ಯಾರ ಹತ್ರ ಹೋಗುತ್ತೋ ಅವರದ್ದು” ಎಂದು ತೀರ್ಮಾನವನ್ನು ನಾಯಿಗೇ ಬಿಟ್ಟಿದ್ದರು.

ಈಗ ಅದು ದರ್ಜಿಯ ಹತ್ತಿರ ಹೋಗಿಯಾಗಿತ್ತು. ಮೇಷ್ಟ್ರ ಮನೆಯಲ್ಲಿ ಉಳಿದಿದ್ದುದು ಇದೊಂದೇ ನಾಯಿ. ಅವರು ತಿನ್ನುವ ಅನ್ನ ಅದರ ದುಡಿಮೆಯದ್ದು. ಅದು ಕಾಲ ಮೇಲೆ ತಲೆಯಿಟ್ಟು ಮಲಗದಿದ್ದರೆ ಅವರಿಗೆ ನಿದ್ದೆಯೂ ಹತ್ತುತ್ತಿರಲಿಲ್ಲ. ಅದನ್ನು ಬಿಟ್ಟು ಆ ಮನೆಗೆ ಹೇಗೆ ಹೋಗುವುದು? ಬಾಯಿಗೆ ಬಂದದ್ದು ಒಂದೇ ಮಾತು.

“ಇದು ಆ್ಯಕ್ಟಿಂಗ್ ಸಾರ್! ಕೊನೇ ಸೀನು! ಮಂಡಿಯೂರಿ ಕೈ ಚಾಚಿದ್ರೆ ಓಡೋದು ನಾನೇ ಕಲಿಸಿದ್ದು!”

“ಆ್ಯಕ್ಟಿಂಗಾ?” ದರ್ಜಿ ನಾಯಿಯನ್ನು ಅವಚಿಕೊಂಡೇ ಕೇಳಿದ. “ನನ್ನ ನಾಯಿ ಗುಂಡಿ ಕಣ್ರೀ ಇದು. ಸಿನಿಮಾದಲ್ಲಿ ಹಣೆ ಮೇಲೆ ಬಿಳಿ ಚುಕ್ಕೆ ನೋಡಿ ನನಗೂ ಒಂಚೂರು ಅನುಮಾನ ಇತ್ತು. ಇಲ್ಲಿ ನೋಡಿದ್ರೆ ಚುಕ್ಕೇನೇ ಇಲ್ಲ!”

“ಅದು ಮೇಕಪ್ಪು” ಎಂದರು ಮೇಷ್ಟ್ರು.

“ನಾಯಿಗೂ ಮೇಕಪ್ಪೇನ್ರೀ?” ಇನ್ಸ್‌ಪೆಕ್ಟರ್ ನಕ್ಕರು. ನಕ್ಕು, ನಿರ್ದೇಶಕರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

“ಹೌದು ಸಾರ್, ಮೇಷ್ಟ್ರೇ ಕಲಿಸಿದ್ದು” ಎಂದಿತು ಆ ಕಡೆಯ ದನಿ. “ಯಾರು ಮಂಡಿಯೂರಿ ಕೈ ಚಾಚಿದ್ರೂ ಸಾಕು, ಬಾಣದ ಹಾಗೆ ಬರ್ತಿತ್ತು. ಎಂಥಾ ನಾಯಿ ಸಾರ್ ಅದು, ಪಾಪ...”

“ಅವರು ಶೂಟಿಂಗ್‌ನಲ್ಲಿರ್ತಾರೆ, ತೊಂದರೆ ಕೊಡೋದು ಬೇಡ ಸಾರ್” ಎಂದು ಮೇಷ್ಟ್ರು ಅವಸರಪಟ್ಟರು. ಇನ್ಸ್‌ಪೆಕ್ಟರ್ ಫೋನ್ ಇಟ್ಟರು.

ದರ್ಜಿ ಸೋಲಲಿಲ್ಲ. “ಹಾಗಾದ್ರೆ ಬೇರೆ ಯಾರಾದ್ರೂ ಮಂಡಿಯೂರಲಿ ಸಾರ್. ಇವರಾದ್ರೂ ಸರಿ” ಎಂದು ಕಾನ್‌ಸ್ಟೇಬಲ್ ಕಡೆ ಕೈ ತೋರಿಸಿದ.

“ಅವರ ಬೂಟು ನೋಡಿದ್ರೆ ನಾಯಿ ಹೆದರುತ್ತೆ, ನಾನೇ ಕೂರ್ತೀನಿ” ಎಂದರು ಮೇಷ್ಟ್ರು. ಯಾರೂ ಹೂಂ ಅನ್ನುವ ಮೊದಲೇ ಮಂಡಿಯೂರಿ ಕೈ ಚಾಚಿದರು. ಬರದಿದ್ದರೆ? ದೇವರೇ, ಬರದಿದ್ದರೆ?

ಹೀರೋ ದರ್ಜಿಯ ಮುಖ ನೋಡಿತು. ಮೇಷ್ಟ್ರ ಮುಖ ನೋಡಿತು. ಆಮೇಲೆ ನಿಧಾನವಾಗಿ ನಡೆದು ಬಂದು, ಅವರೆದುರು ನೆಟ್ಟಗೆ ಕೂತಿತು.

“ಬಂತಲ್ಲ, ಮುಗೀತು” ಎಂದು ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು. “ಮಂಡಿಯೂರಿದವರ ಹತ್ರ ಎಲ್ಲಾ ಹೋಗುತ್ತಪ್ಪ ಇದು. ಟ್ರೈನಿಂಗ್ ಹಾಗಿದೆ. ಕರ್ಕೊಂಡ್ ಹೋಗಿ ಮೇಷ್ಟ್ರೇ.”

ದರ್ಜಿ ಎದ್ದು ನಿಂತ. ಜಗಳ ಆಡುತ್ತಾನೆ, ಶಾಪ ಹಾಕುತ್ತಾನೆ ಎಂದು ಮೇಷ್ಟ್ರು ಮೈ ಗಟ್ಟಿ ಮಾಡಿಕೊಂಡರು. ಅವನು ಹತ್ತಿರ ಬಂದು ಕೈ ಮುಗಿದ.

“ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಸುಮ್ನೆ ನಿಮ್ಮನ್ನ ಠಾಣೆ ಮೆಟ್ಟಿಲು ಹತ್ತಿಸಿಬಿಟ್ಟೆ. ಅದು ಮೈಮೇಲೆ ಬಿದ್ದಾಗ ನನ್ನ ಗುಂಡೀನೇ ಬಂತು ಅಂದ್ಕೊಂಡೆ. ಅಷ್ಟು ಚೆನ್ನಾಗಿ ಕಲಿಸಿದ್ದೀರಿ. ನಂದು ಎಲ್ಲೋ ಸತ್ತುಹೋಗಿರಬೇಕು. ಇನ್ಮೇಲೆ ಹುಡುಕೋದಿಲ್ಲ ಬಿಡಿ.”

ಮೇಷ್ಟ್ರು ಬಾಯಿ ತೆರೆದರು. ದರ್ಜಿ ಆಗಲೇ ಗೇಟಿನ ಕಡೆ ತಿರುಗಿದ್ದ. ಕರೆಯಬೇಕು, ಈಗಲೇ ಕೂಗಿ ಕರೆಯಬೇಕು ಅನ್ನಿಸಿತು. ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಹೀರೋ ಕೂತಲ್ಲೇ ಕೂತು ಸಣ್ಣಗೆ ಅಳುತ್ತಿತ್ತು. ದರ್ಜಿ ಅದರ ತಲೆ ಸವರಲೂ ಇಲ್ಲ, ಪರರ ನಾಯಿಯಲ್ಲವೇ? ಗೇಟು ದಾಟಿ ಜನರ ನಡುವೆ ಸೇರಿಹೋದ.

ಕೊನೆಯ ದೃಶ್ಯದಲ್ಲಿ ಓಡಿದ್ದು ಹಣೆಯ ಮೇಲೆ ಹುಟ್ಟಾ ಬಿಳಿ ಚುಕ್ಕೆಯಿದ್ದ ಇನ್ನೊಂದು ನಾಯಿ. ಸಿನಿಮಾ ಬಿಡುಗಡೆಯಾಗುವ ಮೊದಲೇ ಅದು ಸತ್ತಿತ್ತು. ಗೇಟಿನ ಮುಂದೆ ಕಾಯುವ ದೃಶ್ಯಗಳಿಗೆಂದು ಬೀದಿಯಿಂದ ಹಿಡಿದು ತಂದ ಈ ನಾಯಿಗೆ ಮೇಷ್ಟ್ರು ಕಲಿಸಿದ್ದು ಕೂರುವುದನ್ನು ಮಾತ್ರ.