ದಿಕ್ಕು ತಪ್ಪಿದ ನದಿ

“ಸರಿಯಿದೆಯಾ ನೋಡಿ ಅಕ್ಕಾ,” ಎಂದು ಸಹಪಾಠಿ ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿದಳು. ಪರದೆಯ ತುಂಬ ಊರಿನ ನಕ್ಷೆಯ ಚುಕ್ಕಿಗಳು, ನಡುವೆ ನದಿಯ ಗೆರೆ. ಎಂ.ಟೆಕ್ ಓದಲು ಬಂದಿದ್ದ ಸರ್ವೇಯರ್ ಅಕ್ಕನಿಗೆ ತಪ್ಪು ಒಂದೇ ನೋಟಕ್ಕೆ ಕಂಡಿತು. ಪೂರ್ವಕ್ಕೆ ಹರಿಯಬೇಕಾದ ನದಿ ಉತ್ತರಕ್ಕೆ ಹೊರಟಿತ್ತು. ನಕ್ಷೆಗೆ ತುಂಬಿದ ಪಟ್ಟಿಯಲ್ಲಿ ಅಕ್ಷಾಂಶ, ರೇಖಾಂಶದ ಕಾಲಂಗಳು ಅದಲುಬದಲಾಗಿದ್ದವು.

“ಮೇಡಂ ಹೇಳ್ತಾರೆ ಬಿಡು,” ಎಂದು ಅಕ್ಕ ಮುಖ ತಿರುಗಿಸಿದಳು. ಆಂಬುಲೆನ್ಸ್ ನುಗ್ಗಬಲ್ಲ ಓಣಿಗಳನ್ನು ಕಂಪ್ಯೂಟರಿನಿಂದ ಹುಡುಕಿಸುವುದು, ಎಂ.ಟೆಕ್ ಪ್ರಬಂಧಕ್ಕೆಂದು ಅವಳೇ ಮನಸ್ಸಿನಲ್ಲಿಟ್ಟುಕೊಂಡಿದ್ದ ವಿಷಯ. ಆರು ವರ್ಷ ಆ ಓಣಿಗಳನ್ನು ಅಳೆದವಳು ಅವಳು. ಅವಳು ಬಾಯಿ ಬಿಡುವ ಮೊದಲೇ ಬಾಚಿಕೊಂಡವಳು ಈ ಹುಡುಗಿ. ಗೈಡ್ ಮೇಡಂ ಹತ್ತಿರವೇ ಬೈಸಿಕೊಳ್ಳಲಿ.

ಮೇಡಂ ಬಂದು ಕನ್ನಡಕ ಏರಿಸಿ ನೋಡಿದರು. “ಭೇಷ್. ಈ ವಿಷಯ ನಿನಗೇ ಕಣಮ್ಮ,” ಎಂದು ವಿಷಯದ ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆದರು. ಅವರಿಗೂ ತಪ್ಪು ಕಾಣಲಿಲ್ಲ. ತಾನು ಚಪ್ಪಲಿ ಸವೆಸಿದ ಊರನ್ನು ಈ ಹುಡುಗಿ ಮಗುಚಿ ಹಾಕಿ, ಮೇಲೆ ಶಾಭಾಸ್‌ಗಿರಿ ಬೇರೆ ಗಿಟ್ಟಿಸುವುದೆಂದರೆ ಅಕ್ಕನಿಗೆ ತಡೆಯಲಾಗಲಿಲ್ಲ. “ಮೇಡಂ, ನದಿ ಆ ಕಡೆ ಹರಿಯಲ್ಲ. ಕಾಲಂ ಅದಲುಬದಲಾಗಿದೆ.”

ಮೇಡಂ ಇನ್ನೊಮ್ಮೆ ಬಗ್ಗಿ ನೋಡಿ, ಅಕ್ಕನ ಕಡೆ ತಿರುಗಿದರು. “ಹೌದಲ್ಲ. ನನ್ನ ಕಣ್ಣಿಗೇ ತಪ್ಪಿಸಿಕೊಂಡಿತ್ತಲ್ಲಮ್ಮ. ಇಂಥ ತಪ್ಪನ್ನ ಕಂಪ್ಯೂಟರೇ ಹಿಡಿಯೋ ಹಾಗೆ ಮಾಡು. ನಿನ್ನ ವಿಷಯ ಅದೇ.”

ಅಕ್ಕನಿಗೆ ಹಿಗ್ಗಲು ಪುರುಸೊತ್ತು ಸಿಗಲಿಲ್ಲ. ಹುಡುಗಿ ಅವಳನ್ನೇ ನೋಡುತ್ತಿದ್ದಳು.

“ನಾನು ತೋರಿಸಿದಾಗ್ಲೇ ಗೊತ್ತಾಗಿತ್ತಾ ಅಕ್ಕಾ?”

“ಗೊತ್ತಾಗಿತ್ತು ಕಣೆ,” ಎಂದಳು ಅಕ್ಕ.