ಹಿಂಚಕ್ರದ ಅಲುಗಾಟ

ಜಾಕ್ ಕೊಟ್ಟು ಮೇಲೆತ್ತಿದ್ದ ಎಟಿವಿಯ, ಅಂದರೆ ಅಕ್ಕನ ನಾಲ್ಕು ಚಕ್ರದ ರೇಸ್ ಗಾಡಿಯ, ಹಿಂಚಕ್ರವನ್ನು ಮೆಕ್ಯಾನಿಕ್ ತಮ್ಮ ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. ಒಳಗೆ ಟಕ್ ಎಂದಿತು. ಪಕ್ಕದಲ್ಲಿದ್ದ ಅಕ್ಕ ಬಗ್ಗಿ ನೋಡಿದಳು. ಅವಳ ಮುರಿದ ಕೈ ಕೂಡಿಕೊಂಡ ಮೇಲೆ ಗಾಡಿ ಪ್ರತಿ ತಿರುವಿನಲ್ಲೂ ಅಡ್ಡಕ್ಕೆಳೆಯುತ್ತಿತ್ತು. ಕೈಯ ಹಿಡಿತವೇ ಹೋಗಿದೆ ಎಂದು ಎಲ್ಲರೂ ಅಂದಿದ್ದರು. ನಾಳಿನ ರೇಸ್ ಬಿಡಲು ಅವಳೂ ಒಪ್ಪಿದ್ದಳು.

“ಟೈರಲ್ಲಿ ಗಾಳಿ ಕಮ್ಮಿನಾ?”

“ಎರಡರಲ್ಲೂ ಸಮ ಇದೆ. ಗಾಳಿ ಮೇಲೆ ಗೂಬೆ ಕೂರಿಸೋ ಹಾಗಿಲ್ಲ. ಚಕ್ರದ ಆಕ್ಸಲ್ ಬೇರಿಂಗೇ ಸವೆದುಹೋಗಿದೆ ಕಣಕ್ಕಾ, ಅದಕ್ಕೇ ಗಾಡಿ ತಿರುವಲ್ಲಿ ಅಡ್ಡಕ್ಕೆಳೀತಿರೋದು. ಬೇಜಾರು ಮಾಡ್ಕೋಬೇಡ.”

“ಬೇಜಾರಾ? ಇನ್ನೊಂದ್ಸಲ ಹೇಳೋ, ಏನು ಹೋಗಿರೋದು?”

“ಬೇರಿಂಗು!”

ಅವಳು ತಮ್ಮನನ್ನು ಪಕ್ಕಕ್ಕೆ ತಳ್ಳಿ, ಮುರಿದು ಕೂಡಿದ ಆ ಕೈಯಿಂದಲೇ ಚಕ್ರ ಹಿಡಿದು ಜಗ್ಗಿದಳು. ಟಕ್, ಟಕ್. ಅವಳು ಜೋರಾಗಿ ನಕ್ಕಳು.

“ಗಾಡಿ ಕೆಟ್ಟಿದ್ದಕ್ಕೆ ಕುಣಿಯೋರನ್ನ ಇವತ್ತೇ ನೋಡಿದ್ದು,” ಎಂದ ತಮ್ಮ.

“ಮಾತು ಸಾಕು, ಹೊಸ ಬೇರಿಂಗ್ ತಾರೋ! ನಾಳೆ ಓಡಿಸೋಳು ನಾನು.”